ತಪ್ಪನ್ನು ತಿದ್ದುವ ಕಲೆಯ ಮಹಾಗುರು: ಕಾರ್ಲ್ ಫ್ರೀಡ್ರಿಕ್ ಗೌಸ್

— ಅಂತಿಮ ಬಿ.ಎ. ವಿದ್ಯಾರ್ಥಿ

ಲೋಕದಲ್ಲಿ ಮಹಾಪುರುಷರು ಎರಡು ಬಗೆ. ರಾಜ್ಯಗಳನ್ನು ಗೆದ್ದು ಹೆಸರಾದವರು ಒಂದು ಬಗೆ. ಮನುಷ್ಯನ ಅಜ್ಞಾನವನ್ನು ಗೆದ್ದು ಹೆಸರಾದವರು ಇನ್ನೊಂದು ಬಗೆ. ಮೊದಲನೆಯವರ ಕೋಟೆಗಳು ಕಾಲಕ್ರಮದಲ್ಲಿ ಕುಸಿದು ಬೀಳುತ್ತವೆ. ಎರಡನೆಯವರ ಗಳಿಕೆಯಾದರೋ ಅವರ ಹೆಸರನ್ನೇ ಅರಿಯದವರ ಮನೆಯ ಬಾಗಿಲಿಗೂ ಬಂದು ಸೇರುತ್ತದೆ. ಈ ಎರಡನೆಯ ಪಂಕ್ತಿಯಲ್ಲಿ ಅಗ್ರಸ್ಥಾನಕ್ಕೆ ಅರ್ಹನಾದವನು ಜರ್ಮನಿಯ ಗಣಿತಜ್ಞ ಕಾರ್ಲ್ ಫ್ರೀಡ್ರಿಕ್ ಗೌಸ್. ನಮ್ಮ ಗಣಿತ ಪಠ್ಯದಲ್ಲಿ ಗೌಸ್-ಸೈಡೆಲ್ ವಿಧಾನ ಎಂದು ಒಂದು ಪ್ರಕರಣವಿದೆ. ಪರೀಕ್ಷೆಗೆ ಬರುವ ಲೆಕ್ಕವೆಂದು ಅದನ್ನು ಉರುಹೊಡೆಯುತ್ತೇವೆ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದನು, ಅವನಿಗೊಬ್ಬ ತಾಯಿಯಿದ್ದಳು, ಅವನಿಗೂ ಸೋಲುಗಳಿದ್ದವು ಎಂಬುದನ್ನು ನೆನೆಯುವುದಿಲ್ಲ. ಆ ಮನುಷ್ಯನ ಕಥೆಯನ್ನು ತಿಳಿದಷ್ಟು ಹೇಳುವುದೇ ಈ ಲೇಖನದ ಉದ್ದೇಶ.

ಗೌಸನು ಹುಟ್ಟಿದ್ದು 1777ನೆಯ ಇಸವಿಯಲ್ಲಿ, ಬ್ರನ್ಸ್‌ವಿಕ್ ಎಂಬ ಪಟ್ಟಣದಲ್ಲಿ. ತಂದೆ ಗೆಬ್‌ಹಾರ್ಡ್ ಡೀಟ್ರಿಕ್ ತೋಟದ ಕೆಲಸ, ಗಾರೆ ಕೆಲಸ ಮುಂತಾಗಿ ಸಿಕ್ಕಿದ ಕೆಲಸವನ್ನೆಲ್ಲ ಮಾಡಿ ಸಂಸಾರ ಸಾಗಿಸುತ್ತಿದ್ದವನು. ಒರಟು ಸ್ವಭಾವದವನಾದರೂ ಪ್ರಾಮಾಣಿಕ. ತಾಯಿ ಡೊರೊಥಿಯ ಕಲ್ಲುಕುಟಿಗನೊಬ್ಬನ ಮಗಳು. ಮದುವೆಗೆ ಮುಂಚೆ ಮನೆಗೆಲಸದವಳಾಗಿ ದುಡಿದಿದ್ದಳು. ಆಕೆಗೆ ಬರೆಯಲು ಬಾರದು. ಮಗನು ಹುಟ್ಟಿದ ತಾರೀಖನ್ನು ಆಕೆ ಎಲ್ಲಿಯೂ ಬರೆದಿಡಲಿಲ್ಲ. ಅದು ಬುಧವಾರ, ಕ್ರಿಸ್ತನ ಸ್ವರ್ಗಾರೋಹಣದ ಹಬ್ಬಕ್ಕೆ ಎಂಟು ದಿನ ಮುಂಚೆ ಎಂಬುದಷ್ಟೇ ಆಕೆಯ ನೆನಪು. ನಮ್ಮ ತಾಯಂದಿರು ಸುಗ್ಗಿಯ ಕಾಲ, ಊರಹಬ್ಬದ ಮಾರನೆಯ ದಿನ ಎಂದು ಹೇಳುವುದಿಲ್ಲವೇ, ಹಾಗೆಯೇ. ಶಾಲೆಗೆ ಸೇರಿಸುವ ದಿನ ಮೇಷ್ಟರು ಅಂದಾಜಿನಿಂದ ಬರೆದುಕೊಂಡ ತಾರೀಖೇ ನಮ್ಮಲ್ಲಿ ಎಷ್ಟೋ ಮಂದಿಯ ಹಿರಿಯರಿಗೆ ಜನ್ಮದಿನವಾಯಿತು. ಗೌಸನಾದರೋ ಬೆಳೆದ ಮೇಲೆ ಯಾವ ವರ್ಷಕ್ಕೆ ಈಸ್ಟರ್ ಹಬ್ಬ ಯಾವ ದಿನ ಬೀಳುತ್ತದೆಂದು ಕಂಡುಹಿಡಿಯುವ ಸೂತ್ರವೊಂದನ್ನು ರಚಿಸಿ 1800ರಲ್ಲಿ ಪ್ರಕಟಿಸಿದನು. ಆ ಸೂತ್ರಕ್ಕೆ 1777 ಎಂಬ ಅಂಕೆಯನ್ನು ಹಾಕಿ, ತಾಯಿಯ ನೆನಪನ್ನು ಅದಕ್ಕೆ ಜೋಡಿಸಿದರೆ ಏಪ್ರಿಲ್ 30 ಎಂದು ಉತ್ತರ ಬರುತ್ತದೆ. ಓದುಬರಹ ತಿಳಿಯದ ತಾಯಿಯ ನೆನಪೂ ಓದಿದ ಮಗನ ಲೆಕ್ಕವೂ ಸೇರಿ ಒಂದು ಸತ್ಯವು ಹೊರಬಿದ್ದಿತು.

ಏಳನೆಯ ವಯಸ್ಸಿನಲ್ಲಿ ಹುಡುಗನು ಬ್ಯೂಟ್ನರ್ ಎಂಬ ಉಪಾಧ್ಯಾಯನ ಶಾಲೆಗೆ ಸೇರಿದನು. ಬೆತ್ತಕ್ಕೆ ಹೆಸರಾದ ಆ ಮೇಷ್ಟರು ಒಂದು ದಿನ ಮಕ್ಕಳಿಗೆಲ್ಲ ದೀರ್ಘವಾದ ಕೂಡುವ ಲೆಕ್ಕವೊಂದನ್ನು ಕೊಟ್ಟರೆಂದೂ, ಅದು 1ರಿಂದ 100ರವರೆಗಿನ ಮೊತ್ತವೆಂದೂ, ಗೌಸನು ಒಂದು ಕ್ಷಣದಲ್ಲಿ 5050 ಎಂದು ಹಲಗೆಯ ಮೇಲೆ ಬರೆದಿಟ್ಟನೆಂದೂ ಕಥೆಯಿದೆ. ಅಂಕೆಗಳು ಕಥೆ ಹೇಳುವವರ ಬಾಯಲ್ಲಿ ಬದಲಾಗುತ್ತ ಬಂದಿದ್ದರೂ, ಅನಂತರ ನಡೆದ ಸಂಗತಿ ಸತ್ಯವಾದುದು ಮತ್ತು ಹೆಚ್ಚು ಬೆಲೆಯುಳ್ಳದ್ದು. ಹುಡುಗನು ತನ್ನಿಂದ ಕಲಿಯುವುದೇನೂ ಇಲ್ಲವೆಂದು ಕಂಡ ಬ್ಯೂಟ್ನರನು ಹ್ಯಾಂಬರ್ಗಿನಿಂದ ಗಣಿತ ಪುಸ್ತಕವನ್ನು ತರಿಸಿಕೊಟ್ಟನು. ಸಹಾಯಕನಾಗಿದ್ದ ತರುಣ ಬಾರ್ಟೆಲ್ಸನು ಹುಡುಗನ ಜೊತೆಯಲ್ಲಿ ಕುಳಿತು ತಾನೂ ಓದಿದನು. ಇವರ ಮಾತಿನಿಂದ ಬ್ರನ್ಸ್‌ವಿಕ್ಕಿನ ಡ್ಯೂಕ್ ಕಾರ್ಲ್ ವಿಲ್‌ಹೆಲ್ಮ್ ಫರ್ಡಿನೆಂಡನವರೆಗೆ ಸುದ್ದಿ ಮುಟ್ಟಿತು. 1791ರಲ್ಲಿ ಡ್ಯೂಕನು ಹದಿನಾಲ್ಕು ವರ್ಷದ ಹುಡುಗನನ್ನು ಕರೆಸಿ ನೋಡಿ, ವಿದ್ಯಾಭ್ಯಾಸದ ವೆಚ್ಚವನ್ನು ವಹಿಸಿಕೊಂಡನು. ತಂದೆಗೆ ಮಗನು ತನ್ನ ಕಸುಬನ್ನು ಹಿಡಿಯಲೆಂಬ ಆಸೆ. ತಾಯಿಗೆ ಮಗನು ಓದಲೆಂಬ ಆಸೆ. ತಾಯಿಯೇ ಗೆದ್ದಳು. ಒಬ್ಬ ಮೇಷ್ಟರು ಒಂದು ಪುಸ್ತಕವನ್ನು ತರಿಸಿಕೊಡದೆ ಹೋಗಿದ್ದರೆ ಬ್ರನ್ಸ್‌ವಿಕ್ಕಿನಲ್ಲಿ ಇನ್ನೊಬ್ಬ ಗಾರೆಯವನು ಹೆಚ್ಚುತ್ತಿದ್ದನು, ಅಷ್ಟೆ.

1795ರಲ್ಲಿ ಗೌಸನು ಗೋಟಿಂಗೆನ್ ವಿಶ್ವವಿದ್ಯಾಲಯವನ್ನು ಸೇರಿದನು. ಭಾಷಾಶಾಸ್ತ್ರವೋ ಗಣಿತವೋ ಎಂದು ಮನಸ್ಸು ಹೊಯ್ದಾಡುತ್ತಿದ್ದಾಗ, 1796ರ ಮಾರ್ಚ್ ತಿಂಗಳಲ್ಲಿ, ಹದಿನೇಳು ಸಮಭುಜಗಳ ಆಕೃತಿಯನ್ನು ಅಳತೆಪಟ್ಟಿ ಮತ್ತು ಕೈವಾರಗಳಿಂದಲೇ ರಚಿಸಬಹುದೆಂದು ಆತನಿಗೆ ಹೊಳೆಯಿತು. ಗ್ರೀಕರ ಕಾಲದಿಂದ ಸುಮಾರು ಎರಡು ಸಾವಿರ ವರ್ಷ ಯಾರಿಗೂ ಕೈಗೂಡದಿದ್ದ ಸಾಧನೆಯದು. ಹತ್ತೊಂಬತ್ತು ವರ್ಷವೂ ತುಂಬದಿದ್ದ ತರುಣನು ಗಣಿತವನ್ನೇ ಆರಿಸಿಕೊಂಡನು. 1801ರಲ್ಲಿ ಸಂಖ್ಯಾಶಾಸ್ತ್ರವನ್ನು ಕುರಿತ ಆತನ ಮಹಾಗ್ರಂಥವು ಪ್ರಕಟವಾಯಿತು.

ಅದೇ 1801ರ ಜನವರಿ 1ರಂದು ಇಟಲಿಯ ಪಿಯಾಟ್ಸಿ ಎಂಬ ಖಗೋಳಜ್ಞನು ಸೆರಿಸ್ ಎಂಬ ಹೊಸ ಆಕಾಶಕಾಯವನ್ನು ಕಂಡನು. ಸುಮಾರು ಆರು ವಾರ ನೋಡುವಷ್ಟರಲ್ಲಿ ಅದು ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. ಅದು ಮತ್ತೆ ಎಲ್ಲಿ ಕಾಣುವುದೆಂದು ಯೂರೋಪಿನ ಪಂಡಿತರಿಗೆ ತಿಳಿಯದಾಯಿತು. ಇಪ್ಪತ್ತನಾಲ್ಕು ವರ್ಷದ ಗೌಸನು ಇದ್ದ ಅಲ್ಪಸ್ವಲ್ಪ ವೀಕ್ಷಣೆಗಳಿಂದಲೇ ಅದರ ಪಥವನ್ನು ಗುಣಿಸಿ ಹೇಳಿದನು. ವರ್ಷದ ಕೊನೆಯಲ್ಲಿ, ಆತನು ಹೇಳಿದ ಕಡೆಯಲ್ಲಿಯೇ, ಸೆರಿಸ್ ಕಂಡಿತು. ಅಲ್ಲಿಂದ ಆತನ ಕೀರ್ತಿ ದಿಗಂತಕ್ಕೆ ಹಬ್ಬಿತು.

ಈ ಲೆಕ್ಕದ ಮರ್ಮವೇನು? ಮನುಷ್ಯನ ಯಾವ ಅಳತೆಯೂ ನಿರ್ದುಷ್ಟವಲ್ಲ. ಹತ್ತು ಬಾರಿ ಅಳೆದರೆ ಹತ್ತು ಬೇರೆ ಉತ್ತರಗಳು ಬರುತ್ತವೆ. ಅವುಗಳಲ್ಲಿ ಯಾವುದನ್ನೂ ಸುಳ್ಳೆಂದು ಎಸೆಯದೆ, ಯಾವುದನ್ನೂ ಪೂರ್ಣಸತ್ಯವೆಂದು ನಂಬದೆ, ಎಲ್ಲ ತಪ್ಪುಗಳ ವರ್ಗಗಳ ಮೊತ್ತವು ಆದಷ್ಟು ಕಡಿಮೆಯಾಗುವಂತೆ ಉತ್ತರವನ್ನು ಆರಿಸುವುದೇ ಕನಿಷ್ಠ ವರ್ಗಗಳ ವಿಧಾನ. ಫ್ರಾನ್ಸಿನ ಲೆಜಾಂಡ್ರನು ಇದನ್ನು 1805ರಲ್ಲಿಯೇ ಅಚ್ಚುಮಾಡಿಸಿದ್ದನು. 1809ರ ತನ್ನ ಗ್ರಂಥದಲ್ಲಿ ಗೌಸನು ತಾನು ಇದನ್ನು 1795ರಿಂದಲೂ ಬಳಸುತ್ತಿರುವುದಾಗಿ ಬರೆದನು. ವೃದ್ಧ ಲೆಜಾಂಡ್ರನಿಗೆ ಇದು ಬಹಳ ನೋವುಂಟುಮಾಡಿತು. ಪಕ್ವವಾಗುವವರೆಗೆ ಏನನ್ನೂ ಪ್ರಕಟಿಸಬಾರದೆಂಬುದು ಗೌಸನ ನಿಯಮವಾಗಿತ್ತು. ನಿಯಮವು ಒಳ್ಳೆಯದೇ, ಆದರೆ ಅದರಿಂದ ಇತರರ ಮನಸ್ಸಿಗೆ ಗಾಯವಾದದ್ದು ಇದೊಂದೇ ಸಲವಲ್ಲ.

ಕೀರ್ತಿಯ ಬೆನ್ನಲ್ಲಿಯೇ ದುಃಖವೂ ಬಂದಿತು. 1806ರಲ್ಲಿ ನೆಪೋಲಿಯನ್ನನ ಸೈನ್ಯದೊಡನೆ ನಡೆದ ಯುದ್ಧದಲ್ಲಿ ಗಾಯಗೊಂಡು ಆಶ್ರಯದಾತನಾದ ಡ್ಯೂಕನು ತೀರಿಕೊಂಡನು. 1807ರಲ್ಲಿ ಗೌಸನು ಗೋಟಿಂಗೆನ್ ವೀಕ್ಷಣಾಲಯದ ನಿರ್ದೇಶಕನಾದನು. 1809ರಲ್ಲಿ ಪ್ರಿಯಪತ್ನಿ ಯೊಹಾನ್ನ ಪ್ರಸವಾನಂತರ ಮಡಿದಳು. ಆ ಶಿಶುವೂ ಮರುವರ್ಷ ತೀರಿಕೊಂಡಿತು. ಆ ದುಃಖದಿಂದ ಆತನು ಪೂರ್ತಿಯಾಗಿ ಮೇಲೇಳಲೇ ಇಲ್ಲವೆಂದು ಹೇಳುತ್ತಾರೆ. ಚಿಕ್ಕಮಕ್ಕಳನ್ನು ನೋಡಿಕೊಳ್ಳಬೇಕಾಗಿತ್ತು; ಮರುವರ್ಷ ಮಿನ್ನ ಎಂಬಾಕೆಯನ್ನು ಮದುವೆಯಾದನು. ಲೆಕ್ಕವನ್ನು ಮಾತ್ರ ನಿಲ್ಲಿಸಲಿಲ್ಲ. 1810ರಲ್ಲಿ ಪಲ್ಲಾಸ್ ಎಂಬ ಮತ್ತೊಂದು ಕ್ಷುದ್ರಗ್ರಹದ ಪಥವನ್ನು ಗುಣಿಸುತ್ತ, ಆರು ಅವ್ಯಕ್ತಗಳ ಸಮೀಕರಣಗಳಿಂದ ಒಂದೊಂದೇ ಅವ್ಯಕ್ತವನ್ನು ತೊಡೆದುಹಾಕುತ್ತ ಹೋಗುವ ಕ್ರಮವನ್ನು ಅಚ್ಚುಕಟ್ಟಾಗಿ ಬರೆದಿಟ್ಟನು. ನಮ್ಮ ಪಠ್ಯದಲ್ಲಿಯೂ ಆ ಕ್ರಮವು ಆತನ ಹೆಸರಿನಲ್ಲಿಯೇ ಇದೆ.

ಇನ್ನು ಆತನ ಬಾಳಿನ ಕಠಿಣವಾದ ದುಡಿಮೆಗೆ ಬರೋಣ. 1820ರಲ್ಲಿ ಹ್ಯಾನೋವರ್ ಸಂಸ್ಥಾನದ ಮೋಜಣಿಯ ಹೊಣೆಯು ಗೌಸನ ಮೇಲೆ ಬಿದ್ದಿತು. ಬೆಟ್ಟದ ತುದಿ, ಇಗರ್ಜಿಯ ಗೋಪುರ ಮುಂತಾದ ಎತ್ತರದ ನೆಲೆಗಳನ್ನು ಆರಿಸಿ, ಒಂದರಿಂದ ಇನ್ನೊಂದನ್ನು ನೋಡಿ ಕೋನಗಳನ್ನು ಅಳೆದು, ನಾಡಿನ ಮೇಲೆಲ್ಲ ತ್ರಿಕೋನಗಳ ಬಲೆಯನ್ನು ಹರಡುವುದೇ ಈ ಮೋಜಣಿ. ದೂರದ ನೆಲೆಯು ಕಣ್ಣಿಗೆ ಕಾಣಲೆಂದು ಬಿಸಿಲನ್ನು ಕನ್ನಡಿಯಿಂದ ಗುರಿಯಿಟ್ಟು ಕಳಿಸುವ ಹೀಲಿಯೋಟ್ರೋಪ್ ಎಂಬ ಉಪಕರಣವನ್ನು 1821ರಲ್ಲಿ ಆತನೇ ನಿರ್ಮಿಸಿದನು. ಅದರಿಂದ ನೂರು ಕಿಲೋಮೀಟರಿಗೂ ಮಿಕ್ಕ ದೂರವನ್ನು ನೋಡುವುದು ಸಾಧ್ಯವಾಯಿತು. ನಲವತ್ತೈದು ದಾಟಿದ ಪ್ರಾಧ್ಯಾಪಕನು ಬೇಸಗೆಗಳಲ್ಲಿ ಬಯಲು, ಕಾಡು, ಬೆಟ್ಟಗಳಲ್ಲಿ ಅಲೆದನು. ಹಳ್ಳಿಗಳ ಬಡ ಛತ್ರಗಳಲ್ಲಿ ಮಲಗಿದನು. ಬಂಡಿ ಕುದುರೆಗಳ ಅಪಘಾತಗಳನ್ನೂ ಅನುಭವಿಸಿದನು.

ಇದೇ ಕಾಲದಲ್ಲಿ ನಮ್ಮ ನಾಡಿನಲ್ಲಿಯೂ ಇಂಥದೇ ಕಾರ್ಯ ನಡೆಯುತ್ತಿದ್ದುದನ್ನು ಇಲ್ಲಿ ಸ್ಮರಿಸಬೇಕು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ಮೂಲರೇಖೆಯನ್ನು ಅಳೆದನು. 1802ರಲ್ಲಿ ಮದ್ರಾಸಿನ ಸಂತ ಥಾಮಸ್ ಬೆಟ್ಟದ ಬಳಿ ಮತ್ತೊಂದನ್ನು ಅಳೆದು, ಆ ಬಳಿಕ ತ್ರಿಕೋನಗಳ ಸಾಲನ್ನು ಪಶ್ಚಿಮಕ್ಕೆ ಮೈಸೂರು ಸೀಮೆಯತ್ತ ತಂದನು. ಆತನ ಸಹಾಯಕರಲ್ಲೊಬ್ಬನಾಗಿದ್ದ ಜಾನ್ ವಾರನ್ನನು 1802ರಲ್ಲಿ ಮೈಸೂರಿನ ಪೂರ್ವದ ಎಲ್ಲೆಯನ್ನು ಗುರುತಿಸುವ ಕೆಲಸದ ಮೇಲೆ ಬಂದಾಗ, ಮಾರಿಕುಪ್ಪಂ, ಉರಿಗಾಂ ಕಡೆಯ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿಮಾಡಿದನು. ನಮ್ಮ ಕೋಲಾರದ ಚಿನ್ನದ ಗಣಿಯ ಹೊಸ ಇತಿಹಾಸದ ಮೊದಲ ಪುಟವನ್ನು ಬರೆದವನು ಮೋಜಣಿಯವನೇ! ಮುಂದೆ 1841ರಲ್ಲಿ ಬೆಸೆಲ್ ಎಂಬ ಜರ್ಮನ್ ಖಗೋಳಜ್ಞನು ಭೂಮಿಯ ಆಕಾರವನ್ನು ನಿರ್ಣಯಿಸಿದಾಗ, ಬೇರೆ ಬೇರೆ ದೇಶಗಳ ಹತ್ತು ಅಳತೆಗಳನ್ನು ಒಂದೇ ಲೆಕ್ಕದಲ್ಲಿ ಸೇರಿಸಿದನು. ಅವುಗಳಲ್ಲಿ ಗೌಸನ ಹ್ಯಾನೋವರಿನದೂ ಇತ್ತು, ಭಾರತದ ಎರಡೂ ಇದ್ದವು. ಎಲ್ಲಿಯ ಹ್ಯಾನೋವರ್, ಎಲ್ಲಿಯ ದಕ್ಷಿಣ ಭಾರತ! ಎರಡೂ ಒಂದೇ ಕಾಗದದ ಮೇಲೆ ಕೂಡಿಕೊಂಡವು.

ಅಳೆಯುವುದು ಅರ್ಧ ಕೆಲಸ. ಮಿಕ್ಕ ಅರ್ಧ ಲೆಕ್ಕದ್ದು. ತ್ರಿಕೋನದ ಮೂರು ಕೋನಗಳ ಮೊತ್ತ ಇಷ್ಟೇ ಇರಬೇಕೆಂದು ನಿಯಮವುಂಟು. ಅಳೆದ ಕೋನಗಳು ಆ ನಿಯಮಕ್ಕೆ ಒಂದೆರಡು ಸೆಕೆಂಡುಗಳಷ್ಟಾದರೂ ತಪ್ಪಿಯೇ ಇರುತ್ತವೆ. ಒಂದು ತ್ರಿಕೋನವನ್ನು ಸರಿಪಡಿಸಿದರೆ ಪಕ್ಕದ್ದು ಕೆಡುತ್ತದೆ. ಎಲ್ಲವನ್ನೂ ಒಟ್ಟಿಗೆ ಸರಿಪಡಿಸಲು ಹೊರಟರೆ ನೆಲೆಗೊಂದರಂತೆ ಅವ್ಯಕ್ತ, ಅವ್ಯಕ್ತಕ್ಕೊಂದರಂತೆ ಸಮೀಕರಣ. ಹತ್ತು ಅವ್ಯಕ್ತಗಳಾದರೆ ತೊಡೆದುಹಾಕುವ ಕ್ರಮದಲ್ಲಿ ಸಾಗಬಹುದು. ಇಪ್ಪತ್ತು, ಮೂವತ್ತಾದರೆ ಕೈಲೆಕ್ಕದವನ ಪ್ರಾಣವೇ ಹೋಗುತ್ತದೆ. ನಡುವೆ ಒಂದು ಅಂಕೆ ತಪ್ಪಿದರೆ ಮುಂದಿನದೆಲ್ಲ ನೀರಿನಲ್ಲಿ ಹೋಮ.

1823ರ ಡಿಸೆಂಬರ್ 26ರಂದು ಗೌಸನು ತನ್ನ ಹಳೆಯ ಶಿಷ್ಯನೂ ಮಾರ್ಬರ್ಗಿನ ಪ್ರಾಧ್ಯಾಪಕನೂ ಆಗಿದ್ದ ಗೆರ್ಲಿಂಗನಿಗೆ ಒಂದು ಕಾಗದ ಬರೆದನು. ಗಣಿತದ ಇತಿಹಾಸದಲ್ಲಿ ಆ ಕಾಗದಕ್ಕೆ ವಿಶೇಷ ಸ್ಥಾನವಿದೆ. ಅದರಲ್ಲಿ ಆತನು ಪರೋಕ್ಷ ಕ್ರಮವೊಂದನ್ನು ಶಿಷ್ಯನಿಗೆ ಉದಾಹರಣೆಯ ಸಮೇತ ಹೇಳಿಕೊಟ್ಟನು. ಅರೆನಿದ್ರೆಯಲ್ಲಿದ್ದಾಗಲೂ, ಬೇರೇನನ್ನೋ ಯೋಚಿಸುತ್ತಿದ್ದಾಗಲೂ ಮಾಡಬಹುದಾದಷ್ಟು ಸುಲಭವಾದ ಲೆಕ್ಕವಿದೆಂದೂ, ಒಮ್ಮೆ ಅಭ್ಯಾಸವಾದರೆ ಹಳೆಯ ಕ್ರಮಕ್ಕೆ ಹಿಂದಿರುಗಲು ಮನಸ್ಸು ಬಾರದೆಂದೂ ಆತನ ಭಾವ.

ಕ್ರಮವನ್ನು ಒಂದು ಚಿಕ್ಕ ಲೆಕ್ಕದಿಂದ ತಿಳಿಯೋಣ. ಕ, ಖ, ಗ ಎಂಬ ಮೂರು ಅವ್ಯಕ್ತಗಳಿವೆ ಎನ್ನಿ.

10ಕ + ಖ + ಗ = 15
ಕ + 10ಖ + ಗ = 24
ಕ + ಖ + 10ಗ = 33

ಮೊದಲು ಮೂರೂ ಸೊನ್ನೆ ಎಂದು ಇಟ್ಟುಕೊಳ್ಳುತ್ತೇವೆ. ಆಗ ಸಮೀಕರಣಗಳಲ್ಲಿ ಉಳಿಯುವ ಕೊರತೆಗಳು 15, 24, 33. ಎಲ್ಲಕ್ಕಿಂತ ದೊಡ್ಡ ಕೊರತೆ ಮೂರನೆಯದು. ಅದನ್ನೇ ಮೊದಲು ತಿದ್ದಬೇಕು: ಗ = 3.3. ಈಗ ಕೊರತೆಗಳು 11.7, 20.7, ಸೊನ್ನೆ. ಎರಡನೆಯದು ದೊಡ್ಡದು; ಖ = 2.07. ಕೊರತೆಗಳು 9.63, ಸೊನ್ನೆ, ಮೈನಸ್ 2.07. ಈಗ ಮೊದಲನೆಯದರ ಸರದಿ; ಕ = 0.963. ಇದರಿಂದ ಮೂರನೆಯದು ಮತ್ತಷ್ಟು ಕೆಟ್ಟು ಮೈನಸ್ 3.033 ಆಯಿತು. ಚಿಂತೆಯಿಲ್ಲ, ಗ ವನ್ನು 0.3033ರಷ್ಟು ಇಳಿಸಿದರೆ 2.9967. ಹೀಗೆಯೇ ಖ ವನ್ನೂ ಕ ವನ್ನೂ ಇನ್ನೊಮ್ಮೆ ತಿದ್ದಿದರೆ ಖ = 2.0040, ಕ = 0.9999. ಆರೇ ತಿದ್ದುಪಡಿಗಳಲ್ಲಿ ನಿಜವಾದ ಉತ್ತರವಾದ 1, 2, 3ರ ಬಾಗಿಲಿಗೆ ಬಂದು ನಿಂತೆವು. ನಡುವೆ ಎಲ್ಲಿಯಾದರೂ ಅಂಕೆ ತಪ್ಪಿದ್ದರೂ ಭಯವಿಲ್ಲ. ಕೊರತೆಯನ್ನು ಮೂಲ ಸಮೀಕರಣಗಳಿಂದ ಹೊಸದಾಗಿ ಎಣಿಸಿದರೆ ಆ ತಪ್ಪೂ ಮುಂದಿನ ಹೆಜ್ಜೆಗಳಲ್ಲಿ ತಿದ್ದಿಕೊಂಡುಹೋಗುತ್ತದೆ.

ಬಂಗಾರಪೇಟೆಯ ಸೈಕಲ್ ರಿಪೇರಿ ಅಂಗಡಿಯಲ್ಲಿ ಚಕ್ರದ ಓಲಾಟ ತೆಗೆಯುವುದನ್ನು ನೋಡಿದವರಿಗೆ ಈ ಕ್ರಮವು ಹೊಸದೆನಿಸದು. ರಿಪೇರಿಯವನು ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ ಚಕ್ರವನ್ನು ತಿರುಗಿಸುತ್ತಾನೆ. ರಿಮ್ಮಿನ ಪಕ್ಕದಲ್ಲಿ ಸೀಮೆಸುಣ್ಣ ಹಿಡಿಯುತ್ತಾನೆ. ಎಲ್ಲಿ ಹೆಚ್ಚು ವಾಲಿದೆಯೋ ಅಲ್ಲಿ ಗೀಟು ಬೀಳುತ್ತದೆ. ಅಲ್ಲಿಯ ಕಡ್ಡಿಯನ್ನು ಕಾಲು ಸುತ್ತು ಬಿಗಿಮಾಡುತ್ತಾನೆ. ಅದರಿಂದ ಬೇರೆಲ್ಲಿಯೋ ಸ್ವಲ್ಪ ವಾಲುತ್ತದೆ. ಮತ್ತೆ ತಿರುಗಿಸಿ ಮತ್ತೆ ನೋಡುತ್ತಾನೆ. ಎಲ್ಲ ಕಡ್ಡಿಗಳನ್ನೂ ಒಂದೇ ಸಲಕ್ಕೆ ಸರಿಮಾಡುವ ಸೂತ್ರವು ಅವನಲ್ಲಿಲ್ಲ. ಆದರೂ ಚಕ್ರವು ನೇರವಾಗುತ್ತದೆ. ನಮ್ಮ ಪಠ್ಯದ ಕ್ರಮದಲ್ಲಿ ಅವ್ಯಕ್ತಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ತಿದ್ದುತ್ತೇವೆ. ಗೌಸನು ಹಾಗೆ ಮಾಡಲಿಲ್ಲ. ಪ್ರತಿ ಹೆಜ್ಜೆಯಲ್ಲಿಯೂ ಇಡೀ ಪಟ್ಟಿಯ ಮೇಲೆ ಕಣ್ಣಾಡಿಸಿ, ದೊಡ್ಡ ತಪ್ಪು ಎಲ್ಲಿದೆಯೋ ಅಲ್ಲಿಗೆ ಹೋದನು. ಇಂಗ್ಲೆಂಡಿನ ಸೌತ್‌ವೆಲ್ ಎಂಬ ಇಂಜಿನಿಯರನು 1930-40ರ ದಶಕಗಳಲ್ಲಿ ಇಂಥದೇ ಕ್ರಮವನ್ನು ಕಟ್ಟಡಗಳ ಲೆಕ್ಕಕ್ಕೆ ಬಳಕೆಗೆ ತಂದನು.

ಆದರೆ ಎಲ್ಲ ಲೆಕ್ಕಗಳೂ ಇಷ್ಟು ಸಾಧುವಲ್ಲ. ಕ + 3ಖ = 7, 3ಕ + ಖ = 5 ಎಂಬ ಜೋಡಿಯನ್ನು ನೋಡಿ. ಉತ್ತರವು 1, 2. ಮೊದಲನೆಯದರಿಂದ ಕ ವನ್ನೂ ಎರಡನೆಯದರಿಂದ ಖ ವನ್ನೂ ತಿದ್ದುತ್ತ ಹೋದರೆ ಕ = 7, ಖ = ಮೈನಸ್ 16, ಕ = 55 ಎಂದು ಲೆಕ್ಕವು ಹುಚ್ಚುಹೊಳೆಯಂತೆ ಹರಿಯುತ್ತದೆ. ಅದೇ ಎರಡು ಸಮೀಕರಣಗಳ ಸ್ಥಾನವನ್ನು ಅದಲುಬದಲು ಮಾಡಿ ತೊಡಗಿದರೆ ಕ = 1.667, ಖ = 1.778, ಕ = 1.074, ಖ = 1.975, ಕ = 1.008 ಎಂದು ಸದ್ದಿಲ್ಲದೆ ಉತ್ತರದತ್ತ ನಡೆಯುತ್ತದೆ. ಸಮೀಕರಣಗಳು ಅವೇ, ಉತ್ತರವೂ ಅದೇ. ಬದಲಾದದ್ದು ತೊಡಗುವ ಮುಂಚಿನ ಸಿದ್ಧತೆ ಮಾತ್ರ. ಉತ್ತರವನ್ನು ಕೆಡಿಸದೆ ಲೆಕ್ಕವನ್ನು ಹದಗೊಳಿಸುವ ಈ ಕಾರ್ಯಕ್ಕೆ ಪೂರ್ವಸಿದ್ಧತೆ ಎನ್ನೋಣ. ಚಕ್ರವು ತೀರಾ ಸೊಟ್ಟಗಾಗಿದ್ದರೆ ರಿಪೇರಿಯವನು ಕಡ್ಡಿಗೆ ಕೈಹಾಕುವ ಮುಂಚೆ ಅದನ್ನು ನೆಲಕ್ಕೆ ಹಾಕಿ ತುಳಿದು ಒಂದು ಹದಕ್ಕೆ ತರುವುದಿಲ್ಲವೇ, ಅದೇ ಇದು.

ಗೌಸನ ಈ ದಾರಿಯಲ್ಲಿ ಮುಂದಿನ ಹೆಜ್ಜೆಯಿಟ್ಟವನು ಜಾಕೋಬಿ. ಆತನು 1845ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಒಂದಕ್ಕೊಂದು ಬಲವಾಗಿ ಹೆಣೆದುಕೊಂಡ ಎರಡು ಅವ್ಯಕ್ತಗಳನ್ನು ಮೊದಲು ಆರಿಸಿ, ಅವುಗಳ ಬದಲಿಗೆ ಅವುಗಳ ಮಿಶ್ರಣದಿಂದಾದ ಎರಡು ಹೊಸ ಅವ್ಯಕ್ತಗಳನ್ನು ಇಟ್ಟು ಆ ಹೆಣಿಗೆಯನ್ನು ಬಿಡಿಸಿದನು. ಅನಂತರ ತಿದ್ದುವ ಕ್ರಮವನ್ನು ಆರಂಭಿಸಿದನು. ಅದಕ್ಕೆ ಬೇಕಾದ ಲೆಕ್ಕವನ್ನು ಮಾಡಿಕೊಟ್ಟವನು ಆತನ ತರುಣ ಶಿಷ್ಯ ಸೈಡೆಲ್. ಸೈಡೆಲನ ಸ್ವಂತ ಲೇಖನವು ಬಂದದ್ದು 1874ರಲ್ಲಿ, ಗೌಸನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಪಠ್ಯದಲ್ಲಿ ಜೊತೆಯಾಗಿ ನಿಂತ ಈ ಎರಡು ಹೆಸರುಗಳು ಬಾಳಿನಲ್ಲಿ ಜೊತೆಯಾಗಿ ದುಡಿದವರವಲ್ಲ.

ಗಣಕಯಂತ್ರದ ಯುಗದಲ್ಲಿ ಅವ್ಯಕ್ತಗಳು ಲಕ್ಷ, ಕೋಟಿಗಳಿಗೆ ಏರಿದವು. 1952ರಲ್ಲಿ ಹೆಸ್ಟೆನೆಸ್ ಮತ್ತು ಸ್ಟೀಫೆಲ್ ಎಂಬವರು ಹೊಸ ಪುನರಾವರ್ತನ ಕ್ರಮವೊಂದನ್ನು ಪ್ರಕಟಿಸಿದರು. 1986ರಲ್ಲಿ ಸಾದ್ ಮತ್ತು ಶುಲ್ಟ್ಸ್ ಮತ್ತೊಂದನ್ನು ಕೊಟ್ಟರು. ಇವುಗಳಲ್ಲಿ ಹಿಂದಿನ ಹೆಜ್ಜೆಗಳ ಅನುಭವವನ್ನು ಕೂಡಿಸಿ ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತಾರೆ. ಆದರೆ ಪೂರ್ವಸಿದ್ಧತೆಯು ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರಬೇಕೆಂಬ ನಿರ್ಬಂಧವಿತ್ತು. ದೊಡ್ಡ ಲೆಕ್ಕಗಳಲ್ಲಿ ಸಿದ್ಧತೆಯೂ ಒಂದು ಅಂದಾಜಿನ ಲೆಕ್ಕವೇ. ಅದು ಒಮ್ಮೆ ಸ್ವಲ್ಪದರಲ್ಲಿ ಮುಗಿದೀತು, ಒಮ್ಮೆ ಹೆಚ್ಚು ಬೇಕಾದೀತು. ಹೀಗೆ ಹೆಜ್ಜೆಹೆಜ್ಜೆಗೂ ಸಿದ್ಧತೆ ಬದಲಾದರೆ ಹಳೆಯ ಸೂತ್ರವು ಹೊಂದುವುದಿಲ್ಲ. 1993ರಲ್ಲಿ ಸಾದನು ಇದಕ್ಕೂ ಉಪಾಯ ಹೇಳಿದನು: ಪ್ರತಿ ಹೆಜ್ಜೆಯಲ್ಲಿ ಸಿದ್ಧಪಡಿಸಿದ ದಿಕ್ಕು ಯಾವುದೆಂಬುದನ್ನೂ ಬರೆದಿಟ್ಟುಕೊಂಡು, ಉತ್ತರವನ್ನು ಆ ದಿಕ್ಕುಗಳಿಂದಲೇ ಕಟ್ಟುವುದು. ನೆನಪಿನ ಹೊರೆ ಇಮ್ಮಡಿಯಾಗುತ್ತದೆ. ಆದರೆ ಪರಿಸ್ಥಿತಿಗೆ ತಕ್ಕಂತೆ ಸಿದ್ಧತೆಯನ್ನು ಬದಲಿಸುವ ಸ್ವಾತಂತ್ರ್ಯ ದೊರೆಯುತ್ತದೆ. ಪ್ರತಿ ಸಲವೂ ಪಟ್ಟಿಯನ್ನು ಹೊಸ ಕಣ್ಣಿನಿಂದ ನೋಡಿ ಮುಂದಿನ ಹೆಜ್ಜೆಯನ್ನು ಆರಿಸುತ್ತಿದ್ದ ಗೌಸನಿಗೆ ಈ ಸ್ವಾತಂತ್ರ್ಯವು ಮೆಚ್ಚುಗೆಯಾಗುತ್ತಿತ್ತೆಂದು ನಾನು ಭಾವಿಸುತ್ತೇನೆ.

ಇದೆಲ್ಲ ನಮಗೇಕೆ ಎಂದು ಗೆಳೆಯರು ಕೇಳಬಹುದು. ನಮ್ಮ ಕೆ.ಜಿ.ಎಫ್.ನ ಮನೆಗಳಲ್ಲಿ ಹಿರಿಯರನ್ನು ಕೇಳಿ ನೋಡಿ. ಗಣಿ ನಡೆಯುತ್ತಿದ್ದ ಕಾಲದಲ್ಲಿ ನೆಲದಾಳದಲ್ಲಿ ಬಂಡೆ ಸಿಡಿದರೆ ಮೇಲೆ ಅಟ್ಟದ ಪಾತ್ರೆಗಳು ನಡುಗುತ್ತಿದ್ದವು. ಹೆಂಗಸರು ಪಾಳಿಗೆ ಹೋದವರ ದಾರಿ ಕಾಯುತ್ತ ಶಾಫ್ಟಿನ ಬಳಿ ಓಡುತ್ತಿದ್ದರು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಸಿಡಿದದ್ದು ಎಲ್ಲಿ? ಇದನ್ನು ತಿಳಿಯಲು 1970ರ ದಶಕದ ಕೊನೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಕಂಪನ ಗ್ರಹಿಸುವ ಉಪಕರಣಗಳ ಜಾಲವನ್ನು ಇಲ್ಲಿ ಹಾಕಿದರು. ಕಂಪನವು ಒಂದೊಂದು ಉಪಕರಣಕ್ಕೆ ಒಂದೊಂದು ಕ್ಷಣಕ್ಕೆ ಮುಟ್ಟುತ್ತದೆ. ಆ ವೇಳೆಗಳ ಅಂತರದಿಂದ ಸಿಡಿತದ ಸ್ಥಳವನ್ನು ಕಂಡುಹಿಡಿಯಬೇಕು. ಸ್ಥಳದ ಮೂರು ಅಳತೆಗಳು, ಸಿಡಿದ ವೇಳೆ, ಒಟ್ಟು ನಾಲ್ಕು ಅವ್ಯಕ್ತಗಳು. ಉಪಕರಣಗಳು ಹೆಚ್ಚು, ಪ್ರತಿಯೊಂದರಲ್ಲಿಯೂ ಸ್ವಲ್ಪ ತಪ್ಪು. ಇಂಥ ಲೆಕ್ಕಕ್ಕೆ ಲೋಕದಲ್ಲೆಲ್ಲ ಬಳಕೆಯಲ್ಲಿರುವ ದಾರಿ ಗೌಸನದೇ: ಒಂದು ಊಹೆಯಿಂದ ತೊಡಗಿ, ಕನಿಷ್ಠ ವರ್ಗಗಳ ಕ್ರಮದಿಂದ ತಿದ್ದಿ, ಮತ್ತೆ ತಿದ್ದಿ ನಿಜದ ಹತ್ತಿರಕ್ಕೆ ಹೋಗುವುದು. 1988ರಲ್ಲಿ ಕೆ.ಜಿ.ಎಫ್.ನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯು ಸುರಂಗದ ಸುತ್ತಲಿನ ಬಂಡೆಯ ಒತ್ತಡವನ್ನು ಗಣಕಯಂತ್ರದಿಂದ ಗುಣಿಸುವ ಕಾರ್ಯವನ್ನೂ ಕೈಗೊಂಡಿತು. ಬಂಡೆಯನ್ನು ಸಾವಿರಾರು ತುಂಡುಗಳಾಗಿ ಭಾವಿಸಿ ಬರೆಯುವ ಅಂಥ ಸಮೀಕರಣಗಳ ರಾಶಿಗೇ ಪುನರಾವರ್ತನ ಕ್ರಮಗಳೂ ಪೂರ್ವಸಿದ್ಧತೆಯೂ ಬೇಕಾಗುವುದು. ಗಣಿಯು 2001ರಲ್ಲಿ ಮುಚ್ಚಿತು. ಅದರಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲುಗಳಲ್ಲಿ ನಿಂತು ದುಡಿಮೆಗೆ ಹೋಗುತ್ತಾರೆ. ಆದರೆ ಗಣಿತವು ಪುಸ್ತಕದ ಒಣಮಾತಲ್ಲ, ಪಾಳಿ ಮುಗಿಸಿ ಮನೆಗೆ ಬರುವವರ ಪ್ರಾಣದ ಮಾತು ಎಂಬುದನ್ನು ನಮ್ಮ ಊರಿಗಿಂತ ಚೆನ್ನಾಗಿ ಅರಿಯಬಲ್ಲ ಊರು ಯಾವುದು?

ಇನ್ನು ಗೌಸನ ಉಳಿದ ಬಾಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಆತನು ತಾಯಿಯನ್ನು 1817ರಲ್ಲಿ ತನ್ನ ಮನೆಗೆ ಕರೆತಂದನು. ಕಣ್ಣು ಕಾಣದಾದ ಕೊನೆಯ ವರ್ಷಗಳಲ್ಲಿ ತಾನೇ ಉಪಚರಿಸಿದನು. ತೊಂಬತ್ತು ದಾಟಿದ ಆಕೆ 1839ರಲ್ಲಿ ಮಗನ ಮನೆಯಲ್ಲಿಯೇ ಕಣ್ಣುಮುಚ್ಚಿದಳು. 1833ರಲ್ಲಿ ಗೆಳೆಯ ವೆಬರನೊಡನೆ ಗೋಟಿಂಗೆನ್ನಿನಲ್ಲಿ ವಿದ್ಯುತ್ ತಂತಿಯ ಮೂಲಕ ಸಂದೇಶ ಕಳಿಸುವ ಏರ್ಪಾಡನ್ನು ಮಾಡಿದನು. ಅರವತ್ತು ದಾಟಿದ ಮೇಲೆ ರಷ್ಯನ್ ಭಾಷೆಯನ್ನು ಕಲಿತನು.

ಆದರೆ ದೋಷಗಳನ್ನು ಮರೆಮಾಚಿ ಬರೆದ ಜೀವನಚರಿತ್ರೆ ಚರಿತ್ರೆಯಲ್ಲ, ಭಟ್ಟಂಗಿತನ. ತನ್ನ ಮಗ ಓಯ್ಗೆನ್ನನ ಮೇಲೆ ಇಷ್ಟವಿಲ್ಲದ ಓದನ್ನು ಹೊರಿಸಿದನು. ಜಗಳವಾಗಿ ಮಗನು ಅಮೆರಿಕಕ್ಕೆ ಹೊರಟುಹೋದನು. ತನ್ನ ತಂದೆಯ ಇಚ್ಛೆಯನ್ನು ಮೀರಿ ಓದಿದ ಮನುಷ್ಯನು ತನ್ನ ಮಗನ ಇಚ್ಛೆಯನ್ನು ಕೇಳಲಿಲ್ಲ. 1832ರಲ್ಲಿ ಹಂಗೆರಿಯ ತರುಣ ಯಾನೊಷ್ ಬೊಲ್ಯೈ ಹೊಸ ರೇಖಾಗಣಿತವನ್ನು ಕಂಡು, ತಂದೆಯ ಮೂಲಕ ಗೌಸನ ಅಭಿಪ್ರಾಯ ಕೇಳಿದಾಗ, ಇದು ತನಗೆ ಹಿಂದಿನಿಂದಲೂ ತಿಳಿದದ್ದೇ ಎಂಬರ್ಥದ ಉತ್ತರ ಬಂದಿತು. ತರುಣನ ಮನಸ್ಸು ಮುರಿಯಿತು. ಆತನು ಮುಂದೆ ಗಣಿತ ಕೃತಿಯೊಂದನ್ನೂ ಪ್ರಕಟಿಸಲಿಲ್ಲ. 1837ರಲ್ಲಿ ರಾಜನು ಸಂವಿಧಾನವನ್ನು ರದ್ದುಮಾಡಿದ್ದನ್ನು ಪ್ರತಿಭಟಿಸಿ ಏಳು ಮಂದಿ ಪ್ರಾಧ್ಯಾಪಕರು ಕೆಲಸ ಕಳೆದುಕೊಂಡರು. ಅವರಲ್ಲಿ ಗೆಳೆಯ ವೆಬರನೂ ಇದ್ದನು, ಅಳಿಯನಾದ ಎವಾಲ್ಡನೂ ಇದ್ದನು. ಗೌಸನು ಬಹಿರಂಗವಾಗಿ ಒಂದು ಮಾತನ್ನೂ ಆಡಲಿಲ್ಲ. ಒಂದು ಸೆಕೆಂಡಿನ ಕೋನದೋಷವನ್ನು ಸಹಿಸದವನು ಇಂಥ ದೋಷಗಳನ್ನು ತಿದ್ದಿಕೊಳ್ಳದೆಯೇ ಹೋದನು. ಪಟ್ಟಿಯಲ್ಲಿ ದೊಡ್ಡ ತಪ್ಪನ್ನು ಕಾಣುವುದು ಸುಲಭ. ತನ್ನಲ್ಲಿ ಕಾಣುವುದು ಕಷ್ಟ.

1855ರ ಫೆಬ್ರವರಿ 23ರಂದು ಗೋಟಿಂಗೆನ್ನಿನ ವೀಕ್ಷಣಾಲಯದಲ್ಲಿಯೇ ಆತನು ನಿದ್ರೆಯಲ್ಲಿ ತೀರಿಕೊಂಡನು. ಆಗ ಎಪ್ಪತ್ತೇಳು ವರ್ಷ. 1991ರಿಂದ ಜರ್ಮನಿಯು ಹೊರಡಿಸಿದ ಹತ್ತು ಮಾರ್ಕಿನ ನೋಟಿನ ಒಂದು ಮುಖದಲ್ಲಿ ಆತನ ಚಿತ್ರವೂ ಇನ್ನೊಂದು ಮುಖದಲ್ಲಿ ಆತನ ತ್ರಿಕೋನಗಳ ಬಲೆಯ ಒಂದು ಭಾಗವೂ ಇದ್ದವು. ಗಾರೆಯವನ ಮಗನ ಮುಖವು ಕೂಲಿಯವರ ಜೇಬಿನಲ್ಲಿ ಓಡಾಡಿತು.

ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ತಪ್ಪಿನ ಭಯ ಹೆಚ್ಚು. ಒಂದು ಉತ್ತರ ತಪ್ಪಿದರೆ ಎಲ್ಲವೂ ಹೋಯಿತೆಂದು ಎದೆಗುಂದುತ್ತೇವೆ. ಕೇಳಲು ಮನೆಯಲ್ಲಿ ಯಾರಿಗೂ ತಿಳಿಯದು. ಗೌಸನ ಕಾಗದವು ಗೆರ್ಲಿಂಗನಿಗೆ ಹೇಳಿಕೊಟ್ಟದ್ದು 1823ರಲ್ಲಿ; ಅದು ನಮಗೂ ಸಲ್ಲುತ್ತದೆ. ಸೊನ್ನೆಯಿಂದ ತೊಡಗಿದರೂ ನಷ್ಟವಿಲ್ಲ. ಮೊದಲ ಉತ್ತರವು ತಪ್ಪಾಗಿಯೇ ಇರಲಿ. ಎಲ್ಲಿ ಹೆಚ್ಚು ತಪ್ಪಿದೆಯೋ ಅದನ್ನು ಮುಚ್ಚಿಡದೆ ಅಲ್ಲಿಂದಲೇ ತಿದ್ದಲು ತೊಡಗಬೇಕು. ತಿದ್ದಿದ ಮೇಲೆ ಮತ್ತೊಮ್ಮೆ ಎಲ್ಲವನ್ನೂ ನೋಡಬೇಕು. ಲೆಕ್ಕವು ಹತ್ತಿರ ಬಾರದೆ ದೂರ ಓಡುತ್ತಿದ್ದರೆ, ಅದನ್ನು ನಮ್ಮ ಹಣೆಬರಹವೆಂದು ಕೈಚೆಲ್ಲದೆ, ಸಿದ್ಧತೆಯನ್ನು ಬದಲಿಸಿ ಮತ್ತೆ ತೊಡಗಬೇಕು. ಹೀಗೆ ನಡೆದವನು ಒಂದೇ ಹೆಜ್ಜೆಯಲ್ಲಿ ಗುರಿ ಮುಟ್ಟಲಾರನು. ಆದರೆ ಪ್ರತಿ ಹೆಜ್ಜೆಯಲ್ಲಿಯೂ ನಿನ್ನೆಗಿಂತ ಗುರಿಗೆ ಹತ್ತಿರವಾಗುತ್ತಾನೆ.